ಏಕಾದಶಿ ದಿನ ಮಣ್ಣು ತಿನ್ನಿಸಿದ ಸಣ್ಣೀರಕ್ಕ

ಬಹಳ ಹಿಂದೆ, ಯಾವ ಕಾಲ ಅಂತ ಮಾತ್ರ ಕೇಳಬೇಡ್ರಪ್ಪಾ, ನಮ್ಮಜ್ಜಿಗೇ ಗೊತ್ತಿರಲಿಲ್ಲ, ಬಯಲುಸೀಮೆಯ ಒಂದೂರಲ್ಲಿ ಸಣ್ಣೀರಕ್ಕ ಅಂತ ಒಬ್ಬಳಿದ್ದಳಂತೆ. ಕೆರೆ ಏರಿಗೆ ಮಣ್ಣು ಹೊರೋದು ಅವಳ ಕಸುಬು. ಒಂದು ಚಿಟಿಕೆ ಮಣ್ಣು ನಾಲಿಗೆ ಮೇಲಿಟ್ಟರೆ ಸಾಕು, ಇದು ನೀರು ತಡೆಯುತ್ತೆ, ಇದು ತಡೆಯಲ್ಲ ಅಂತ ಹೇಳಿಬಿಡ್ತಿದ್ದಳಂತೆ. ಸಾರಿನ ರುಚಿ ಮಾತ್ರ ಆ ನಾಲಿಗೆಗೆ ಗೊತ್ತಾಗಲ್ಲ ಅಂತ ಗಂಡ ಗೊಣಗ್ತಿದ್ದನಂತೆ, ಅದು ಬೇರೆ ಮಾತು.

ಆ ಊರ ಕೆರೆ ಎರಡು ವರ್ಷ ಒಡೆಯಿತು. ಈ ಸಲವೂ ಒಡೆದರೆ ಊರೇ ಬಿಡೋದು ಅಂತ ಹಿರಿಯರು ತೀರ್ಮಾನ ಮಾಡಿದರು. ಸಣ್ಣೀರಕ್ಕ ಮಾತ್ರ ಒಪ್ಪಲಿಲ್ಲ. ಮದುವೆಯಾಗಿ ಬಂದಾಗಿನಿಂದ ಹೊತ್ತ ಮಣ್ಣೆಲ್ಲ ಅಲ್ಲೇ ಇತ್ತಲ್ಲ, ಅದನ್ನು ಬಿಟ್ಟು ಎಲ್ಲಿಗೆ ಹೋಗೋದು?

ಆಗ ಪಾಳೇಗಾರರು ವರದಾಚಾರ್ಯರನ್ನು ಕಳಿಸಿದರಂತೆ. ಕೆರೆ ಕಟ್ಟೋ ವಿದ್ಯೆಯನ್ನು ಹನ್ನೆರಡು ವರ್ಷ ಓದಿದವರು. ಗಾಡಿ ತುಂಬ ಓಲೆಗರಿ, ಕೈಯಲ್ಲಿ ಅಳತೆ ಹಗ್ಗ. ಏರಿಯ ಎತ್ತರಕ್ಕಿಂತ ಬುಡ ಮೂರು ಪಾಲು ಅಗಲ ಇರಬೇಕು ಅಂದರು. ಮಣ್ಣು ಚೆನ್ನಾಗಿದ್ದರೆ ಗೋಡೆಯಂಗೆ ನೆಟ್ಟಗೆ ಕಟ್ಟಿದರೂ ನಿಲ್ಲುತ್ತೆ ಅಂದಳು ಇವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೇಸತ್ತ ಊರಿನವರು ಅರ್ಧ ಏರಿಯನ್ನು ಅವರ ಓಲೆ ಪ್ರಕಾರ, ಅರ್ಧವನ್ನು ಇವಳ ನಾಲಿಗೆ ಪ್ರಕಾರ ಕಟ್ಟಿದರಂತೆ.

ಮೊದಲ ಮಳೆಗೇ ಆಚಾರ್ಯರ ಅರ್ಧ ಕರಗಿತು. ಹತ್ತಿರ ಸಿಕ್ಕಿದ ಉಪ್ಪು ತುಂಬಿದ ಸೌಳು ಮಣ್ಣನ್ನೇ ಹಾಕಿಸಿದ್ದರು ಪುಣ್ಯಾತ್ಮರು! ನೋಡಿ ನಗೋಣ ಅಂತ ಸಣ್ಣೀರಕ್ಕ ತನ್ನ ಅರ್ಧದ ಮೇಲೆ ಹತ್ತಿ ನಿಂತಳು. ಅದು ಅವಳ ಸಮೇತ ಜಾರಿತು.

ದೊಡ್ಡ ಮಳೆಗೆ ಇನ್ನು ತಿಂಗಳೂ ಇರಲಿಲ್ಲ. ಕೆಸರಲ್ಲಿ ಕೂತೇ ಅವಳು, "ನೀವು ಹಗ್ಗ ಹಿಡೀರಿ ಸ್ವಾಮೀ, ಅಳೆದಷ್ಟು ಹೊರ್ತೀನಿ. ಮಣ್ಣನ್ನ ಮಾತ್ರ ನೀವೂ ತಿಂದು ನೋಡಬೇಕು" ಅಂದಳು.

ಅವತ್ತು ಏಕಾದಶಿ! ಹನಿ ನೀರೂ ಮುಟ್ಟದ ದಿನ. ಆಚಾರ್ಯರು ಓಲೆಯೆಲ್ಲ ತಿರುವಿ ಹಾಕಿದರು, ಮಣ್ಣು ಆಹಾರವೋ ಅಲ್ಲವೋ ಅಂತ ಎಲ್ಲೂ ಬರೆದಿರಲಿಲ್ಲವಂತೆ. ಕೊನೆಗೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. "ಥೂ, ಉಪ್ಪು!" ಅಂದರು. "ಹಾಂ, ಈಗ ಓದಿದ್ರಿ" ಅಂದಳು. ಸಂಜೆಯೊಳಗೆ ಇಪ್ಪತ್ತೊಂದು ಕಡೆಯ ಮಣ್ಣು ತಿಂದು ತೇಗಿದರು ಅಂತಾರೆ.

ಅವರ ಅಳತೆ, ಇವಳ ಮಣ್ಣು, ಏರಿ ಎದ್ದಿತು. ಮಳೆ ಹೊಯ್ಯಿತು. ಊರೆಲ್ಲ ಗಂಟುಮೂಟೆ ಕಟ್ಟಿಕೊಂಡು ದಿಬ್ಬದ ಮೇಲೆ ನಿಂತಿತ್ತು. ಕೆರೆ ತುಂಬಿ ಕೋಡಿ ಬಿತ್ತು, ಏರಿ ಮಿಸುಕಲಿಲ್ಲ. ಸಣ್ಣೀರಕ್ಕ ಹೋ ಅಂತ ಅತ್ತುಬಿಟ್ಟಳಂತೆ. ಜನ ಗಂಟು ಬಿಚ್ಚಿ ಮನೆಗೆ ಹೋದರು.

ಇವತ್ತಿಗೂ ಆ ಊರಿಗೆ ಇಂಜಿನಿಯರು ಬರಲಿ, ಕಾಲೇಜಿನ ಮೇಷ್ಟ್ರು ಬರಲಿ, ಕಾಫಿಗೆ ಮೊದಲು ಅಂಗೈಗೆ ಒಂದು ಚಿಟಿಕೆ ಮಣ್ಣು ಹಾಕ್ತಾರೆ. ಅವರು ಮುಖ ಸಿಂಡರಿಸಿಕೊಂಡು ನಾಲಿಗೆ ಮೇಲಿಟ್ಟರೋ, ಊರಿನ ಹಿರೀ ಹೆಂಗಸೊಬ್ಬಳು ಎದ್ದು ಬಂದು ಅವರ ಅಳತೆ ಟೇಪಿನ ಇನ್ನೊಂದು ತುದಿ ಹಿಡ್ಕೋತಾಳೆ.