ಹತ್ತು ವರ್ಷದ ಸೀಸೆ

"ಗುರುಗಳೇ, ಪರೀಕ್ಷೆಯಲ್ಲಿ ಸಿಕ್ಕಿಬೀಳದವನಿಗೆ ಇನ್ನು ಯಾವ ಭಯ?" ಎಂದು ಶಿಷ್ಯ ಕೇಳಿದ.

ಗರಡಿಯಲ್ಲಿ ಆಗ ಅವರಿಬ್ಬರೇ ಇದ್ದರು. ಶಿಷ್ಯನ ಮುಷ್ಟಿಯಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ಅದರಲ್ಲಿರುವ ಮಾತ್ರೆ ತಿಂದರೆ ತೋಳು ಬಲಿಯುತ್ತದೆ, ಸ್ಪರ್ಧೆಗೆ ಮುಂಚೆ ನಿಲ್ಲಿಸಿಬಿಟ್ಟರೆ ಮೈಯಲ್ಲಿ ಗುರುತೂ ಉಳಿಯುವುದಿಲ್ಲ ಎಂದು ಕೊಟ್ಟವನು ಹೇಳಿದ್ದ. ಗುರುಗಳು ಪೊಟ್ಟಣವನ್ನು ಕೇಳಲಿಲ್ಲ. "ಕೂತುಕೋ" ಎಂದರು. ಶಿಷ್ಯ ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ಭಾರ ಎತ್ತುವವನಿದ್ದ. ಅವನಿಗೆ ಹೆಂಡತಿಯೂ ಒಂಬತ್ತು ವರ್ಷದ ಮಗಳೂ ಇದ್ದರು. ಅವನೂ ಇಂಥ ಮಾತ್ರೆಯನ್ನೇ ತಿಂದಿದ್ದ. ಅದೊಂದು ಬುಧವಾರ. ಬೆಳಿಗ್ಗೆ ಎಂದಿನಂತೆ ಎದ್ದ, ಎರಡು ಇಡ್ಲಿ ತಿಂದ, ಸ್ಪರ್ಧೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ರಾಜ್ಯದಲ್ಲಿ ಯಾರೂ ಎತ್ತದಷ್ಟು ಭಾರ ಎತ್ತಿದ.

ಪದಕ ಕೊರಳಿಗೆ ಬಿದ್ದ ಕೂಡಲೇ ಒಬ್ಬ ಅಧಿಕಾರಿ ಬಂದು ಪಕ್ಕದಲ್ಲಿ ನಿಂತ. ಆಮೇಲೆ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಮೂತ್ರ ಕೊಡಲು ಹೇಳಿದ. ಅದನ್ನು ಎರಡು ಸೀಸೆಗಳಿಗೆ ಸುರಿಯುವುದೂ ಮುಚ್ಚಳ ತಿರುಗಿಸುವುದೂ ಸ್ಪರ್ಧಿಯೇ ಮಾಡಬೇಕು. ಬೇರೆಯವರು ಮುಟ್ಟುವಂತಿಲ್ಲ, ಅದು ನಿಯಮ. ಅವನು ತಿರುಗಿಸಿದ. ಮುಚ್ಚಳ ಕಟಕಟನೆ ಸದ್ದು ಮಾಡುತ್ತ ಬಿಗಿಯಿತು. ಅದು ಒಂದೇ ಕಡೆಗೆ ತಿರುಗುವ ಮುಚ್ಚಳ. ಒಡೆಯದೆ ತೆಗೆಯಲು ಬಾರದು.

"ಎರಡು ಯಾಕೆ ಸಾರ್?" ಎಂದು ಕೇಳಿದ.

"ಒಂದನ್ನು ಈಗ ನೋಡುತ್ತೇವೆ. ಇನ್ನೊಂದನ್ನು ಹೆಪ್ಪುಗಟ್ಟಿಸಿ ಹತ್ತು ವರ್ಷ ಇಡುತ್ತೇವೆ. ಈಗಿನ ಯಂತ್ರಕ್ಕೆ ಕಾಣದ್ದು ಮುಂದಿನ ಯಂತ್ರಕ್ಕೆ ಕಾಣಬಹುದು ನೋಡಿ. ನಮ್ಮ ಅತ್ತೆಯ ಉಪ್ಪಿನಕಾಯಿ ಕೂಡ ಅಷ್ಟು ವರ್ಷ ಬಾಳಲ್ಲ" ಎಂದು ಅಧಿಕಾರಿ ನಕ್ಕ. ಅವನೂ ನಕ್ಕ. ಹೋಗುವಾಗ ಆ ಎರಡನೆಯ ಸೀಸೆಯನ್ನು ತಿರುಗಿ ನೋಡಿದ.

ಒಂದು ತಿಂಗಳಿಗೆ ಕಾಗದ ಬಂತು. ಮೊದಲ ಸೀಸೆಯಲ್ಲಿ ಏನೂ ಸಿಕ್ಕಿರಲಿಲ್ಲ. ಪದಕ ಉಳಿಯಿತು. ಪದಕದಿಂದ ಸರ್ಕಾರಿ ನೌಕರಿಯೂ ಆಯಿತು. ಅವನು ಕಲಿತ ಗರಡಿಯಲ್ಲಿ ದೊಡ್ಡ ಭಾರ ಎತ್ತಿದವರ ಹೆಸರನ್ನು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯುವುದು ಪದ್ಧತಿ. ಅವನ ಹೆಸರನ್ನೂ ಬರೆದರು.

ಅವನು ಒಂದು ದಿನ ಸಂತೋಷವಾಗಿದ್ದ.

ಮರುದಿನ ಹೆಂಡತಿ ಕಾಫಿಪುಡಿಯ ಬಾಟಲಿಯ ಮುಚ್ಚಳ ತಿರುಗಿಸಿದಳು. ಅವನು ಬೆಚ್ಚಿಬಿದ್ದ. ಕೆಲವು ದಿನಗಳ ಮೇಲೆ, ಮನೆಯಲ್ಲಿ ತಿರುಗಿಸುವ ಮುಚ್ಚಳವೇ ಬೇಡ, ಡಬ್ಬಿಗಳ ಬಾಯಿಗೆ ಬಟ್ಟೆ ಕಟ್ಟು ಎಂದ. ಹೆಂಡತಿ, "ಬಟ್ಟೆ ಕಟ್ಟಿದರೆ ಇರುವೆಗೆ ಯಾರು ಬುದ್ಧಿ ಹೇಳೋದು? ನೀವೇ ಹೇಳ್ತೀರಾ?" ಎಂದಳು. ಆದರೂ ಕಟ್ಟಿದಳು.

ಅಂಚೆಯವನು ಬೀದಿಗೆ ಬಂದರೆ ಅವನು ಹಿತ್ತಲಿಗೆ ಹೋಗುತ್ತಿದ್ದ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಹೊಡೆದುಕೊಂಡು ನಿಲ್ಲುವವರೆಗೆ ಅದನ್ನೇ ನೋಡುತ್ತಿದ್ದ. ಎಲ್ಲೋ ಒಂದು ದೇಶದವನ ಪದಕವನ್ನು ಏಳು ವರ್ಷದ ಮೇಲೆ ಹಿಂದಕ್ಕೆ ಪಡೆದರೆಂದು ಒಮ್ಮೆ ಪತ್ರಿಕೆಯಲ್ಲಿ ಓದಿದ. ಆ ಹಾಳೆಯನ್ನು ಸುಟ್ಟ. ಗೆದ್ದವನನ್ನೇ ಅಲ್ಲವೇ ಎಲ್ಲರೂ ನೋಡುವುದು ಎಂದು ತೋರಿ, ಸೊಂಟನೋವಿನ ನೆಪ ಹೇಳಿ ಭಾರ ಎತ್ತುವುದನ್ನೇ ಬಿಟ್ಟ. ಆಗ ಅವನ ಮೈಯಲ್ಲಿ ಔಷಧವಿರಲಿಲ್ಲ. ಸೊಂಟವೂ ನೋಯುತ್ತಿರಲಿಲ್ಲ.

ಹೀಗೆ ಐದು ವರ್ಷ ಕಳೆಯಿತು. ಮಗಳಿಗೆ ಹದಿನಾಲ್ಕು ತುಂಬಿತು. ಒಂದು ದಿನ ಗ್ಯಾಸ್ ತಂದವನು ತುಂಬಿದ ಸಿಲಿಂಡರನ್ನು ಬಾಗಿಲಲ್ಲೇ ಇಳಿಸಿ ಹೋದ. ಹುಡುಗಿ ಅದನ್ನು ಎತ್ತಿ, ಹೆಗಲಿಗೇರಿಸಿ, ಏದುಸಿರು ಬಿಡದೆ ಅಡುಗೆಮನೆಯಲ್ಲಿಟ್ಟಳು. ಎದುರು ಮನೆಯಲ್ಲಿದ್ದ ವ್ಯಾಯಾಮದ ಮೇಷ್ಟ್ರು ಅದನ್ನು ನೋಡಿದರು. ಸಂಜೆಗೆ ಮನೆಗೇ ಬಂದರು.

"ಇವಳನ್ನು ನನಗೆ ಒಪ್ಪಿಸಿ ಸ್ವಾಮಿ. ನಾಲ್ಕು ವರ್ಷದಲ್ಲಿ ನಿಮ್ಮನ್ನೂ ಮೀರಿಸುತ್ತಾಳೆ" ಎಂದರು.

ಹುಡುಗಿ ಬಾಗಿಲ ಹಿಂದಿನಿಂದಲೇ, "ಗೋಡೆ ಮೇಲೆ ಅಪ್ಪನ ಹೆಸರಿನ ಕೆಳಗೆ ಜಾಗ ಇದೆ. ನಾನು ನೋಡಿಕೊಂಡು ಬಂದಿದೀನಿ" ಎಂದಳು.

ಅವನು ಲೆಕ್ಕ ಹಾಕಿದ. ಇನ್ನೂ ಐದು ವರ್ಷ ಇತ್ತು. ಇವಳು ಎತ್ತಿದರೆ ಗೆಲ್ಲುತ್ತಾಳೆ. ಗೆದ್ದರೆ ಪತ್ರಿಕೆಯವರು ಯಾರ ಮಗಳೆಂದು ಬರೆಯುತ್ತಾರೆ. ಅದನ್ನು ಓದಿದವರಲ್ಲಿ ಒಬ್ಬನಿಗೆ ಆ ಸೀಸೆ ನೆನಪಾದರೂ ಸಾಕು. ಪದಕ ಹೋಗುತ್ತದೆ, ನೌಕರಿ ಹೋಗುತ್ತದೆ, ಗೋಡೆಯ ಮೇಲಿನ ಹೆಸರಿಗೆ ಸುಣ್ಣ ಬಳಿಯುತ್ತಾರೆ.

"ಬೇಡ" ಎಂದ.

ಮೇಷ್ಟ್ರು ಎರಡು ಸಲ ಕೇಳಿ ಎದ್ದುಹೋದರು. ಮಗಳು ಹೊರಗೆ ಬಂದು ಅವನ ಎದುರಿಗೆ ನಿಂತಳು.

"ಯಾಕಪ್ಪ? ನನ್ನ ಕೈಲಿ ಆಗಲ್ಲ ಅಂತಾನಾ?"

ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗೆ ಹೇಳಿದರೆ, ಬೇಡವೆಂದದ್ದು ಯಾಕೆಂದೂ ಹೇಳಬೇಕಾಗುತ್ತದೆ. ಅವನು ನೆಲ ನೋಡಿದ. ಮಗಳು ಒಳಗೆ ಹೋದಳು. ಮುಂದಿನ ಸಲ ಸಿಲಿಂಡರು ಬಂದಾಗ, ಒಳಗೆ ತಂದುಕೊಡಿ ಎಂದು ತಂದವನಿಗೇ ಹೇಳಿದಳು.

ಉಳಿದ ಐದು ವರ್ಷವೂ ಕಳೆಯಿತು. ಗಡುವಿನ ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಫೋನು ಬರಲಿಲ್ಲ, ಕಾಗದ ಬರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿದ. ಡಬ್ಬಿಗಳ ಬಟ್ಟೆಯನ್ನು ತಾನೇ ಬಿಚ್ಚಿದ. ಮಗಳನ್ನು ಗರಡಿಗೆ ಕರೆದುಕೊಂಡು ಹೋದ. ಅವಳಿಗೆ ಆಗ ಹತ್ತೊಂಬತ್ತು. ಕಬ್ಬಿಣದ ಸರಳಿಗೆ ಕಡಿಮೆ ಭಾರದ ಬಿಲ್ಲೆಗಳನ್ನೇ ಹಾಕಿದ.

"ಇವತ್ತಿನಿಂದ ಎತ್ತು ಮಗಳೇ" ಎಂದ.

ಅವಳು ಬಗ್ಗಿ ಸರಳು ಹಿಡಿದಳು. ಹಿಡಿದ ಕೂಡಲೇ ಬಿಟ್ಟಳು.

"ಯಾಕಮ್ಮ?"

"ನನ್ನ ಕೈಲಿ ಆಗಲ್ಲ ಅಂತ ನಿಮಗೆ ಅವತ್ತೇ ಗೊತ್ತಿತ್ತಲ್ಲಪ್ಪ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು.

"ಕೊನೆಗೆ ಆ ಎರಡನೆಯ ಸೀಸೆಯಲ್ಲಿ ಏನು ಸಿಕ್ಕಿತು ಗುರುಗಳೇ?" ಎಂದು ಕೇಳಿದ.

"ಅದನ್ನು ಯಾರೂ ತೆರೆಯಲೇ ಇಲ್ಲ" ಎಂದರು ಗುರುಗಳು.