ಬಗ್ಗಿದಾಗ ಕೂಗುವ ಕೋಲು

“ಗುರುಗಳೇ, ಮಠದಲ್ಲಿ ಯಾರನ್ನು ನೋಡಿದರೂ ನನಗೆ ಏನಾದರೊಂದು ದೋಷ ಕಾಣುತ್ತದೆ. ಕಂಡದ್ದು ನಿಜವೋ ಅಲ್ಲವೋ ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಮನೆಯಲ್ಲಿ ಕೂಸಿನ ಚಿನ್ನದ ಉಂಗುರ ಕಾಣೆಯಾಯಿತು. ವ್ಯಾಪಾರಿ ನ್ಯಾಯವಂತ. ಯಾರನ್ನೂ ಸುಮ್ಮನೆ ಶಂಕಿಸುವವನಲ್ಲ. ಪೇಟೆಯಿಂದ ಮೆಟಲ್ ಡಿಟೆಕ್ಟರ್ ತರಿಸಿದ. ಮೊಳದುದ್ದದ ಕೋಲು, ಲೋಹದ ಹತ್ತಿರ ಹೋದರೆ ಕೂಗುತ್ತದೆ.

ಮೊದಲು ಅದು ಹಿಡಿದಲ್ಲೆಲ್ಲ ಕೂಗಿತು. ಸುತ್ತ ಬೇರೆ ಲೋಹವಿದ್ದರೆ ಸುಳ್ಳು ಸದ್ದು ಬರುತ್ತದೆ ಎಂದು ಮಾರಿದವನು ಎಚ್ಚರಿಸಿದ್ದ. ವ್ಯಾಪಾರಿ ಪಡಸಾಲೆಯಿಂದ ಕಬ್ಬಿಣದ ಮಂಚ ತೆಗೆಸಿದ. ಹಿತ್ತಾಳೆ ಪಾತ್ರೆ ಸಾಗಿಸಿದ. ಎಲ್ಲರ ಫೋನು, ಬಳೆ, ಬೀಗದ ಕೈ ಹೊರಗಿಡಿಸಿದ. ಕೋಲು ಸುಮ್ಮನಾಯಿತು.

ಆಳುಗಳನ್ನು ಸಾಲಾಗಿ ನಿಲ್ಲಿಸಿದ. ಅಡುಗೆಯವನ ಮೈಮೇಲೆ ಕೋಲು ಆಡಿಸಿದ, ಸದ್ದಿಲ್ಲ. ತೋಟದವನ ಮೈಮೇಲೂ ಸದ್ದಿಲ್ಲ. ಕೊನೆಗೆ ಕೂಸಿಗೆ ನೀರೆರೆಯುವ ಮುದುಕಿ. ಅವಳ ಬೆನ್ನು ಬಾಗಿತ್ತು. ವ್ಯಾಪಾರಿಯೂ ಬಗ್ಗಿ ಕೋಲು ಹಿಡಿದ. ಕೂಗಿತು.

ಹೆಂಗಸರು ಒಳಗೆ ಕರೆದೊಯ್ದು ಸೀರೆ ಬಿಚ್ಚಿಸಿ ನೋಡಿದರು. ಏನೂ ಸಿಗಲಿಲ್ಲ. ಮತ್ತೆ ಹಿಡಿದರೆ ಮತ್ತೆ ಕೂಗಿತು.

“ನುಂಗಿಬಿಟ್ಟಿದ್ದಾಳೆ” ಎಂದ ಅಡುಗೆಯವನು.

ಮುದುಕಿ ವ್ಯಾಪಾರಿಯತ್ತ ತಿರುಗಿದಳು. “ಅಪ್ಪಾ, ನಿನ್ನನ್ನೂ ಇದೇ ಕಾಲ ಮೇಲೆ ಮಲಗಿಸಿಕೊಂಡು ಎರೆದವಳು ನಾನು. ನಿನ್ನ ಮೈಮೇಲೂ ಆಗ ಬಂಗಾರವಿತ್ತು.”

“ಯಂತ್ರಕ್ಕೆ ಯಾರ ಮೇಲೂ ಹಗೆಯಿಲ್ಲ, ಅಜ್ಜಿ” ಎಂದ ವ್ಯಾಪಾರಿ. ಅವಳನ್ನು ಹೊರಗೆ ಹಾಕಿದರು. ಕಳ್ಳಿ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮರುದಿನ ತಾಯಿಯೇ ಕೂಸಿಗೆ ಎರೆದು, ಬತ್ತಲೆಯಾಗಿಯೇ ಚಾಪೆಯ ಮೇಲೆ ಮಲಗಿಸಿದ್ದಳು. ವ್ಯಾಪಾರಿ ಆಟಕ್ಕೆಂದು ಬಗ್ಗಿ ಕೋಲು ಹಿಡಿದ.

ಕೂಗಿತು.

ಅವನು ಬೆಚ್ಚಿಬಿದ್ದ. ಕೂಸಿನ ಮೈಮೇಲೆ ಒಂದೆಳೆ ದಾರವೂ ಇರಲಿಲ್ಲ. ನೆಟ್ಟಗೆ ನಿಂತ, ಸದ್ದು ನಿಂತಿತು. ಬಗ್ಗಿದ, ಕೂಗಿತು. ಆಗ ಅವನ ಕಣ್ಣೆದುರು ಏನೋ ತೂಗಾಡಿತು. ಅವನದೇ ಕೊರಳ ತಾಮ್ರದ ತಾಯಿತ. ಜನರ ಕೆಟ್ಟ ಕಣ್ಣು ತನಗೆ ತಾಗದಿರಲೆಂದು ಕಟ್ಟಿಕೊಂಡಿದ್ದದ್ದು. ಬಗ್ಗಿದಾಗಲೆಲ್ಲ ಅಂಗಿಯಿಂದ ಜಾರಿ ಕೋಲಿನ ಬಳಿಗೆ ಇಳಿಯುತ್ತಿತ್ತು.

ಕೋಲು ಬಿಸುಟು ಮುದುಕಿಯ ಗುಡಿಸಲಿಗೆ ಓಡಿದ. ಬಾಗಿಲು ತೆರೆದೇ ಇತ್ತು. ಒಲೆ ತಣ್ಣಗಿತ್ತು. ಎಲ್ಲಿಗೆ ಹೋದಳೆಂದು ನೆರೆಯವರಿಗೂ ತಿಳಿಯದು. ಕತ್ತಲಾಗುವವರೆಗೂ ಅವನು ದಾರಿ ದಾರಿಯಲ್ಲಿ ಹುಡುಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆಮೇಲೆ ಉಂಗುರ ಸಿಕ್ಕಿತೇ, ಗುರುಗಳೇ?”

“ಮುದುಕಿ ಸಿಕ್ಕಳೇ ಎಂದು ಕೇಳುತ್ತೀಯೆಂದುಕೊಂಡಿದ್ದೆ.”