ಮಡುವಿನವ್ವನ ಮುಂದೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಗವಿಸಿದ್ಧಯ್ಯ ಎಂಬ ಹಿರಿಯರು ಪುರಾಣ ಹೇಳಿಕೊಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಾಲ್ಮಲಿ ಅವರ ಬಳಿ ಮೂರು ವರ್ಷ ಕಲಿತವಳು. ಯಾವ ದೇವರ ಕೈಯಲ್ಲಿ ಯಾವ ಆಯುಧ, ಯಾವ ಅಸುರನಿಗೆ ಯಾವ ವರ, ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ಕಲಿಕೆ ಮುಗಿದ ಮೇಲೆ ಹುಬ್ಬಳ್ಳಿಗೆ ಹೋಗಿ ನಾಲ್ಕು ಜನ ಗೆಳೆಯರ ಜೊತೆ ವಿಡಿಯೋ ಗೇಮ್ ಮಾಡತೊಡಗಿದಳು. ಚಿತ್ರ, ಕಂಪ್ಯೂಟರಿನ ಕೆಲಸ ಅವರದು. ಕಥೆ ಇವಳದು.

ಎರಡು ವರ್ಷದ ಮೇಲೆ ಗೇಮ್ ಸಿದ್ಧವಾಯಿತು. ಬಿಡುಗಡೆಗೆ ಮೊದಲು ಅಜ್ಜಾರ ಆಶೀರ್ವಾದ ಬೇಕು ಎಂದು ಅವಳು ಟ್ಯಾಬ್ ಹಿಡಿದುಕೊಂಡು ಆಶ್ರಮಕ್ಕೆ ಬಂದಳು.

ಆಶೀರ್ವಾದ ಆಮೇಲೆ, ಮೊದಲು ಆಡಲು ಕೊಡು ಎಂದರು ಅಜ್ಜಾರು.

ಆಡುವವನು ಒಬ್ಬ ಯೋಧನಾಗಬೇಕು. ಕಾಡು, ಬೆಟ್ಟ, ಪಾತಾಳ ಎಲ್ಲ ತಿರುಗಬೇಕು. ತಪಸ್ಸು ಮಾಡಿ ಅಗ್ನಿಯಿಂದ ಬಾಣ, ವರುಣನಿಂದ ಪಾಶ ಪಡೆಯಬೇಕು. ದಾರಿಗೆ ಅಡ್ಡ ಬಂದ ಅಸುರರನ್ನು ಗೆಲ್ಲಬೇಕು. ಶಾಲ್ಮಲಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರಿಸಿದಳು.

ಅಜ್ಜಾರು ಕನ್ನಡಕ ಏರಿಸಿಕೊಂಡು ಆಡಿದರು. ಮೂರು ಸಲ ಪಾತಾಳದ ಬಾವಿಗೆ ಬಿದ್ದರು. ನಾಲ್ಕನೆಯ ಸಲ ದಾಟಿದಾಗ ತೊಡೆ ತಟ್ಟಿಕೊಂಡು ನಕ್ಕರು. ವರುಣನನ್ನು ಕಂಡು, ಮಕರದ ಮೇಲೆ ಕೂರಬೇಕಾದವನನ್ನು ಬರೀ ಮೊಸಳೆಯ ಮೇಲೆ ಕೂರಿಸಿದ್ದೀಯಲ್ಲ ಎಂದು ತಪ್ಪು ಹಿಡಿದರು. ಅವಳು ಚಿತ್ರ ಬರೆದ ಗೆಳೆಯನ ಮೇಲೆ ಹಾಕಿದಳು. ಮೊಸಳೆಯೂ ಚೆನ್ನಾಗಿಯೇ ಇದೆ, ಇರಲಿ ಬಿಡು ಎಂದರು.

ಊಟದ ಹೊತ್ತು ಮೀರಿತು. ಅಡುಗೆಯವರು ಎರಡು ಸಲ ಕರೆದು ಹೋದರು. ಅಜ್ಜಾರು ಏಳಲಿಲ್ಲ.

ಸಂಜೆಯ ಹೊತ್ತಿಗೆ ಕೊನೆಯ ಲೆವೆಲ್ ಬಂತು. ಕಪ್ಪು ನೀರಿನೊಳಗಿಂದ ಒಬ್ಬ ಹೆಂಗಸು ಎದ್ದಳು. ಮೈತುಂಬ ಪಾಚಿ, ಬಾಯಿತುಂಬ ಹಲ್ಲು, ಹಣೆಯಲ್ಲಿ ಒಂದು ಹಸಿರು ಮಣಿ. ಅವಳನ್ನು ಕೊಂದು ಮಣಿ ಕಿತ್ತುಕೊಂಡರೆ ಆಟ ಗೆದ್ದಂತೆ.

ಪರದೆಯ ಮೇಲೆ ಹೆಸರು ಮೂಡಿತು: ಮಡುವಿನವ್ವ.

ಅಜ್ಜಾರ ಬೆರಳು ನಿಂತಿತು. ಈ ಹೆಸರು ಎಲ್ಲಿ ಸಿಕ್ಕಿತು ಎಂದು ಕೇಳಿದರು.

ಹರಿಗೋಲು ನಡೆಸುವ ಹುಲಗಪ್ಪ ಕಾಕಾನಿಂದ ಸಿಕ್ಕಿತು ಎಂದಳು ಶಾಲ್ಮಲಿ. ಕಲಿಯುವ ದಿನಗಳಲ್ಲಿ ಹೊಳೆ ದಾಟುವಾಗ ಆಳದ ಜಾಗ ಬಂದರೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಡುವಿನವ್ವ ಎಂದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

"ಅಕೀಗ ಯಾಕ ಈ ಹಲ್ಲು?" ಎಂದರು ಅಜ್ಜಾರು.

ಶಾಲ್ಮಲಿ ಮುಚ್ಚುಮರೆ ಇಲ್ಲದೆ ಹೇಳಿದಳು. ಕೊನೆಗೆ ಕೊಲ್ಲಲು ಒಂದು ದೊಡ್ಡ ದೇವತೆ ಬೇಕಿತ್ತು. ಹೆಸರಿರುವ ದೇವರನ್ನು ತೆಗೆದುಕೊಂಡರೆ ಜನ ಗಲಾಟೆ ಮಾಡುತ್ತಾರೆ. ಈ ಅವ್ವನಿಗೆ ಗುಡಿ ಇಲ್ಲ, ಮೂರ್ತಿ ಇಲ್ಲ, ಪುರಾಣವೂ ಇಲ್ಲ. ಕೇಳುವವರು ಯಾರೂ ಇಲ್ಲ.

ಅಜ್ಜಾರು ಟ್ಯಾಬನ್ನು ಅವಳ ಕೈಗೆ ಕೊಟ್ಟರು.

"ಹೆಸರು ಕೊಟ್ಟಾತಗೂ ಒಮ್ಮೆ ತೋರಿಸಬೇಕಲ್ಲ, ತಂಗಿ. ನಾಳೆ ಮುಂಜಾನೆ ಹೋಗೂಣು."

ಮರುದಿನ ಹುಲಗಪ್ಪ ದಂಡೆಯಲ್ಲಿ ಹರಿಗೋಲು ಮಗುಚಿಟ್ಟು ತಳಕ್ಕೆ ಡಾಂಬರು ಬಳಿಯುತ್ತಿದ್ದ. ಶಾಲ್ಮಲಿಯನ್ನು ಕಂಡು ಖುಷಿಪಟ್ಟ. ಯವ್ವಾ ಸೊರಗಿದ್ದೀರಿ, ಹುಬ್ಬಳ್ಳಿಯಲ್ಲಿ ರೊಟ್ಟಿ ಸಿಗುವುದಿಲ್ಲವೇ ಎಂದು ವಿಚಾರಿಸಿದ. ತಾನು ಹೇಳಿದ ಹೆಸರು ಆಟದಲ್ಲಿ ಬಂದಿದೆ ಎಂದು ತಿಳಿದಾಗ ಕೈ ತೊಳೆದುಕೊಂಡು ಬಂದು ಕುಳಿತ.

ಅವಳು ಕೊನೆಯ ಲೆವೆಲ್ಲನ್ನೇ ತೆರೆದಳು. ಇದನ್ನು ಒತ್ತಿದರೆ ನಡೆಯುತ್ತಾನೆ, ಇದನ್ನು ಒತ್ತಿದರೆ ಕತ್ತಿ ಬೀಸುತ್ತಾನೆ ಎಂದು ತೋರಿಸಿದಳು. ಹುಲಗಪ್ಪ ಯೋಧನನ್ನು ಹುಷಾರಾಗಿ ನೀರಿನ ಅಂಚಿಗೆ ನಡೆಸಿದ.

ನೀರು ಕಲಕಿತು. ಹಲ್ಲಿನ ಹೆಂಗಸು ಎದ್ದಳು. ಇವಳು ಯಾರು ಎಂದು ಅವನು ಕೇಳಿದ.

ಶಾಲ್ಮಲಿ ಮೆಲ್ಲಗೆ ಹೆಸರು ಹೇಳಿದಳು.

ಹುಲಗಪ್ಪ ಪರದೆಯಿಂದ ಎರಡೂ ಕೈ ತೆಗೆದ. ಕಾಲಿನ ಚಪ್ಪಲಿ ಕಳಚಿ ದೂರ ಸರಿಸಿದ. ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಕೈ ಮುಗಿದು ಕುಳಿತ.

ಹೆಂಗಸು ಒಂದೇ ಏಟಿಗೆ ಯೋಧನನ್ನು ಕೆಡವಿದಳು.

ಕತ್ತಿ ಬೀಸಬೇಕು ಕಾಕಾ ಎಂದಳು ಶಾಲ್ಮಲಿ. ಅವನು ತಲೆಯಾಡಿಸಿ ಮತ್ತೆ ಶುರು ಮಾಡಿದ. ನೀರಿನ ಅಂಚಿಗೆ ಬಂದ ಕೂಡಲೇ ಮತ್ತೆ ಕೈ ಮುಗಿದ. ಯೋಧ ಮತ್ತೆ ಸತ್ತ. ಮೂರನೆಯ ಸಲವೂ ಹಾಗೆಯೇ ಆಯಿತು.

ಆಗ ಅವನು ಅಜ್ಜಾರ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಅಜ್ಜಾರ, ಅವ್ವ ಯಾಕ ಹೊಡೀತಾಳ್ರಿ? ನಂದೇನು ತಪ್ಪಾತು?"

ಶಾಲ್ಮಲಿ ಟ್ಯಾಬನ್ನು ಮಗುಚಿಟ್ಟಳು.

ಹುಲಗಪ್ಪ ತಾನಾಗಿಯೇ ಮಾತಾಡಿದ. ಅವನಿಗೆ ನೀಲಮ್ಮ ಎಂಬ ಮಗಳಿದ್ದಳು. ಹನ್ನೊಂದು ವರ್ಷದ ಹಿಂದೆ, ಒಂಬತ್ತರ ವಯಸ್ಸಿನಲ್ಲಿ, ಈಜುತ್ತಾ ಮಡುವಿಗೆ ಹೋದಳು. ಮೂರು ದಿನ ಬಲೆ ಹಾಕಿ ಹುಡುಕಿದರು. ದೇಹ ಸಿಗಲಿಲ್ಲ. ಅವ್ವ ಇಟ್ಟುಕೊಂಡಿದ್ದಾಳೆ ಎಂದು ಊರಿನ ಹಿರಿಯರು ಹೇಳಿದರು. ಅವನೂ ಅವನ ಹೆಂಡತಿಯೂ ಅದನ್ನೇ ಹಿಡಿದು ಬದುಕಿದರು. ಪ್ರತಿವರ್ಷ ಪಂಚಮಿಗೆ ಮಡುವಿಗೆ ಒಂದು ಡಜನ್ ಹಸಿರು ಬಳೆ ಬಿಡುತ್ತಾರೆ. ಹುಡುಗಿ ಬೆಳೆಯುತ್ತಾಳಲ್ಲ, ಹಾಗಾಗಿ ಹೆಂಡತಿ ವರ್ಷ ವರ್ಷ ಬಳೆಯ ಅಳತೆ ದೊಡ್ಡದು ಮಾಡುತ್ತಾ ಬಂದಳು. ಹೋದ ವರ್ಷ ಬಳೆಗಾರನಿಗೆ, ಇನ್ನು ಮುಂದೆ ಇದೇ ಅಳತೆ ಸಾಕು ಎಂದು ಹೇಳಿ ಬಂದಳಂತೆ.

"ಅಕೀನ ಹೊಡದ್ರ," ಎಂದ ಹುಲಗಪ್ಪ, "ಹುಡುಗೀನ ಯಾರು ನೋಡಕೊಂತಾರ್ರಿ?"

ಆಶ್ರಮಕ್ಕೆ ಮರಳುವ ದಾರಿಯಲ್ಲಿ ಶಾಲ್ಮಲಿ ಅಳುತ್ತಾ ನಡೆದಳು. ಬಾಗಿಲ ಬಳಿ ನಿಂತು, ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನಾ ಹೇಳಿದ್ರ ನಿನಗ ಗೊತ್ತಾಗತಿತ್ತು," ಎಂದರು ಅಜ್ಜಾರು. "ಅಷ್ಟ."

ಅವಳು ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಆಟದಲ್ಲಿದ್ದ ದೇವರುಗಳನ್ನೆಲ್ಲ ಒಬ್ಬೊಬ್ಬರಾಗಿ ತೆಗೆದುಹಾಕಿದಳು. ಅಗ್ನಿಯ ಬಾಣ ಕೆಂಪು ಬಾಣವಾಯಿತು. ವರುಣನ ಪಾಶ ನೀಲಿ ಹಗ್ಗವಾಯಿತು. ಮಡುವಿನವ್ವ ಇದ್ದ ಜಾಗದಲ್ಲಿ ಏಳನೆಯ ಶತ್ರು ಎಂದು ಬರೆದಳು. ಮೂರನೆಯ ದಿನ ಅದನ್ನು ಅಜ್ಜಾರ ಮುಂದೆ ಇಟ್ಟು, ಇನ್ನು ಯಾರಿಗೂ ನೋವಾಗುವುದಿಲ್ಲ ಎಂದಳು.

ಅಜ್ಜಾರು ಸ್ವಲ್ಪ ಹೊತ್ತು ಆಡಿದರು. ಬಾವಿಗೆ ಬಿದ್ದರು. ಮತ್ತೆ ಆಡಲಿಲ್ಲ. ಊಟದ ಗಂಟೆ ಬಾರಿಸಿದ ಕೂಡಲೇ ಎದ್ದು ಹೊರಟರು.

ಅವಳು ಹಿಂದೆಯೇ ಹೋದಳು. ದೇವರಿದ್ದರೆ ತಪ್ಪಾಗುತ್ತದೆ, ತೆಗೆದರೆ ನಿಮಗೆ ಬೇಸರ. ನಾನೇನು ಮಾಡಲಿ ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇತ್ತು.

ಅಜ್ಜಾರು ತಾವೇ ಅವಳ ತಟ್ಟೆಗೆ ಅನ್ನ ಬಡಿಸಿದರು. ಉಂಡು ಮುಗಿದ ಮೇಲೆ ಹೇಳಿದರು.

"ನಿನ್ನ ಆಟದಾಗ ಹೊಡ್ಯಾಕ ಒಂದು ಬಟನ್ ಐತಿ. ಓಡಾಕ ಒಂದು, ಕಸಗೊಳ್ಳಾಕ ಒಂದು. ಹುಲಗಪ್ಪ ಕೈ ತೆಗದನಲ್ಲ, ಅದಕ್ಕ ಯಾವುದೈತಿ?"

ಶಾಲ್ಮಲಿ ಅದನ್ನು ಯೋಚಿಸಿಯೇ ಇರಲಿಲ್ಲ.

ಅವಳು ಒಬ್ಬಳೇ ಹೊಳೆಗೆ ಹೋದಳು. ಹುಲಗಪ್ಪನ ಪಕ್ಕದಲ್ಲಿ ಕುಳಿತು, ತಪ್ಪಾಯಿತು ಕಾಕಾ, ಅವ್ವನ ಹೆಸರು ತೆಗೆದಿದ್ದೇನೆ ಎಂದಳು. ತೆಗೆಯಬೇಡಿ ಎಂದ ಅವನು. ಅಕ್ಕಪಕ್ಕದ ನಾಲ್ಕು ಊರು ಬಿಟ್ಟರೆ ಅವಳನ್ನು ಯಾರೂ ಕೇಳುವುದಿಲ್ಲ. ಆಟದಲ್ಲಾದರೂ ನಾಲ್ಕು ಜನ ನೋಡಲಿ. ಹಲ್ಲು ಮಾತ್ರ ಬೇಡ.

ಹಾಗಾದರೆ ಅವ್ವ ನೋಡಲು ಹೇಗಿದ್ದಾಳೆ ಎಂದು ಅವಳು ಕೇಳಿದಳು. ಅವನು ಹರಿಗೋಲನ್ನು ನೀರಿಗಿಳಿಸಿ ಅವಳನ್ನು ಮಡುವಿನ ನಡುವೆ ಕರೆದೊಯ್ದ. ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿ ನಿಂತಿತು. ಕೆಳಗೆ ಕಪ್ಪು ನೀರು, ಅದರೊಳಗೆ ಆಕಾಶ. ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದರು.

"ಹಿಂಗ," ಎಂದ ಹುಲಗಪ್ಪ.

ಗೆಳೆಯರಿಗೆ ಹೊಸ ಕೊನೆ ಒಪ್ಪಿಗೆಯಾಗಲಿಲ್ಲ. ಇಷ್ಟು ದೂರ ಬಂದವರು ಕೊನೆಯ ಕಾಳಗ ಬಯಸುತ್ತಾರೆ ಎಂದು ವಾದಿಸಿದರು. ಒಬ್ಬ ಕೆಲಸವನ್ನೇ ಬಿಟ್ಟು ಹೋದ. ಶಾಲ್ಮಲಿ ಹಟ ಬಿಡಲಿಲ್ಲ. ಬಾಕಿ ದೇವರುಗಳನ್ನೂ ಮರಳಿ ಕರೆದಳು, ಮೊಸಳೆಯ ಮೇಲಿನ ವರುಣನನ್ನೂ. ಐದು ತಿಂಗಳ ಮೇಲೆ ಆಟ ಹೊರಗೆ ಬಂತು.

ಕೊನೆಯಲ್ಲಿ ಈಗ ಯಾರೂ ಏಳುವುದಿಲ್ಲ. ಒಂದು ಕಪ್ಪು ಮಡು, ಅದರ ಹೆಸರು, ಅಷ್ಟೇ. ಕತ್ತಿ ಬೀಸಿದರೆ ನೀರು ಕಲಕುತ್ತದೆ. ಬಾಣ ಬಿಟ್ಟರೆ ಮುಳುಗುತ್ತದೆ. ಆಡುವವನು ಪರದೆಯಿಂದ ಬೆರಳು ತೆಗೆದು ಸುಮ್ಮನಿದ್ದರೆ, ನಿಧಾನವಾಗಿ ನೀರು ತಿಳಿಯಾಗಿ, ಆಚೆ ದಡದಿಂದ ಒಂದು ಹರಿಗೋಲು ಬರುತ್ತದೆ.

ಬಹಳ ಜನ ಆಡಲಿಲ್ಲ. ಆಡಿದವರಲ್ಲಿ ಕೆಲವರು ಬೈದರು.

ಮಳೆಗಾಲ ಮುಗಿದ ಮೇಲೆ ಶಾಲ್ಮಲಿ ಮತ್ತೆ ಆಶ್ರಮಕ್ಕೆ ಬಂದಳು. ಅವಳ ಹತ್ತಿರ ಒಂದು ದೂರು ಇತ್ತು. ದೂರದ ಊರಿನವನೊಬ್ಬ ಬರೆದಿದ್ದ. ಅಜ್ಜಾರು ಓದಿ ಹೇಳು ಎಂದರು. ಅವಳು ಓದಿದಳು:

"ಎಲ್ಲಾ ಆಯುಧ ಖಾಲಿಯಾದವು. ಒಂದು ಗಂಟೆಯಿಂದ ಈ ನೀರಿನ ಮುಂದೆ ನಿಂತಿದ್ದೇನೆ. ಇಲ್ಲಿ ಏನು ಮಾಡಬೇಕು, ದಯವಿಟ್ಟು ತಿಳಿಸಿ."

ಇನ್ನೂ ಪರದೆ ಒತ್ತುತ್ತಲೇ ಇದ್ದಾನೆ, ಬೆರಳು ತೆಗೆದರೆ ಸಾಕು, ಒಂದು ಸಾಲು ಬರೆದು ತಿಳಿಸಿಬಿಡಲೇ ಎಂದು ಅವಳು ಕೇಳಿದಳು.

ಅಜ್ಜಾರು ಅವಳ ತಲೆಯ ಮೇಲೆ ಕೈ ಇಟ್ಟರು.

"ಅವಸರ ಮಾಡಬ್ಯಾಡ, ತಂಗಿ. ಅಂವ ಈಗರೆ ಗುಡಿಗೆ ಬಂದಾನ."